ಪಂಚಮಿಗೆ ಬರಬ್ಯಾಡ

ವಿಮಲಕ್ಕನ ಮನೆಯ ಆನ್ಸರಿಂಗ್ ಮಶೀನಿನಲ್ಲಿ ಆ ಮಾತು ಬಿಟ್ಟವನು ನಾನು. ಪಾಟೀಲರಲ್ಲ. ಧ್ವನಿ ಪಾಟೀಲರದು, ಕೆಮ್ಮು ಪಾಟೀಲರದು, ವಾಕ್ಯದ ನಡುವೆ ಉಸಿರೆಳೆದುಕೊಳ್ಳುವ ರೀತಿಯೂ ಅವರದೇ — ಗಂಟಲು ಮಾತ್ರ ನನ್ನದು.

ಹೇಳಿದೆ. ಮೂರು ಸಾಲು. ಈ ಮೂರು ಸಾಲಿಗೆ ಇಷ್ಟು ವರ್ಷ ಬೇಕಾಯಿತು ಎಂದರೆ — ಥೂ, ನನ್ನ ಮೇಲೆ ನನಗೇ ರೇಗುತ್ತದೆ. ಊರಿನವರ ಧ್ವನಿಯೆಲ್ಲ ಬಾಯಲ್ಲಿಟ್ಟುಕೊಂಡು ತಿರುಗಿದವನಿಗೆ ತನ್ನದೊಂದು ಮಾತು ಹೊರಡಿಸುವುದಕ್ಕೆ ಇಷ್ಟು ಹೆಣಗಾಟ!

ಹೊಸ ಸಹಸ್ರಮಾನ ಬಂದೊಡನೆ ಜಗತ್ತಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಬುದ್ಧಿ ಕಳೆದುಕೊಳ್ಳುತ್ತವೆ ಎಂದು ಅಮೆರಿಕ ಹೆದರಿಕೊಂಡಿದ್ದ ಕಾಲ ಅದು. ಅವುಗಳಿಗೆ ಬುದ್ಧಿ ಹೇಳಲು ನನ್ನನ್ನು ಕರೆಸಿಕೊಂಡಿದ್ದರು — ಇದಕ್ಕಿಂತ ದೊಡ್ಡ ಜೋಕನ್ನು ನಾನು ಯಾವ ವೇದಿಕೆಯಲ್ಲೂ ಹೇಳಿಲ್ಲ. ಪಿಸ್ಕಾಟವೇಯ ಅಪಾರ್ಟ್‌ಮೆಂಟೊಂದರಲ್ಲಿ ಮೂವರು ಬ್ರಹ್ಮಚಾರಿಗಳು, ಒಂದು ಪ್ರೆಶರ್ ಕುಕ್ಕರ್. ನನ್ನ ಹತ್ತಿರ ಕಾರಿರಲಿಲ್ಲ. ನ್ಯೂಜೆರ್ಸಿಯಲ್ಲಿ ಕಾರಿಲ್ಲದವನು ಮಗುವಿಗೆ ಸಮ. ಯಾರೋ ಎತ್ತಿ ಕೂರಿಸಬೇಕು, ಯಾರೋ ಇಳಿಸಬೇಕು. ಹಾಗಾಗಿ ವಾರಾಂತ್ಯದಲ್ಲಿ ಕನ್ನಡದವರ ಕಾರುಗಳ ಹಿಂದಿನ ಸೀಟಿನಲ್ಲಿ ನಾನು ಸದಾ ಇರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕೂತವನ ಮುಂದೆ ಗಂಡ ಹೆಂಡಿರು ಎಲ್ಲವನ್ನೂ ಮಾತಾಡುತ್ತಾರೆ. ಅವರು ಇಳಿಸಿ ಹೋದ ಮೇಲೆ ನಾನು ಅವರಂತೆಯೇ ಮಾತಾಡಿ ರೂಮ್‌ಮೇಟುಗಳನ್ನು ನಗಿಸುತ್ತಿದ್ದೆ.

ಈ ಸುದ್ದಿ ಅಧ್ಯಕ್ಷರಿಗೆ ಮುಟ್ಟಿತು.

ಅಧ್ಯಕ್ಷರು ಎಂದರೆ ನಮ್ಮ ಕನ್ನಡ ಸಂಘದ ಅಧ್ಯಕ್ಷರು, ಶೇಷಗಿರಿ ಅಂಕಲ್. ಮೈಸೂರಿನವರು, ಬಾಸ್ಕಿಂಗ್ ರಿಡ್ಜ್‌ನಲ್ಲಿ ದೊಡ್ಡ ಮನೆ, ದೊಡ್ಡ ಹುದ್ದೆ, ದೊಡ್ಡ ನಗು. ಸಂಘದ ನಿಯಮದ ಪ್ರಕಾರ ಒಬ್ಬರಿಗೆ ಒಂದೇ ಅವಧಿ. ಅವರಿಗೆ ಎರಡನೆಯದು ಬೇಕಿತ್ತು. ನಿಯಮ ತಿದ್ದಬೇಕು ಎಂದರು. ಬಿಜಾಪುರದ ಕಡೆಯ ಪಾಟೀಲರು ಎದ್ದು ನಿಂತು, "ತಿದ್ದಾಕ ಬಿಡೂದಿಲ್ರೀ, ನಾನ ನಿಂದರತೀನಿ" ಎಂದರು. ಅಷ್ಟೇ. ಯಾವ ಕಾರ್ಯಕ್ರಮವನ್ನೂ ಹೇಳಿದ ಹೊತ್ತಿಗೆ ಶುರುಮಾಡಲಾಗದ ಸಂಘವೊಂದು ಯುದ್ಧವನ್ನು ಮಾತ್ರ ತಕ್ಷಣ ಶುರುಮಾಡಿತು.

ಅಧ್ಯಕ್ಷರು ನನ್ನನ್ನು ತಮ್ಮ ಬೇಸ್‌ಮೆಂಟಿಗೆ ಕರೆಸಿಕೊಂಡರು. ಬನಿಯನ್, ಅಡ್ಡಪಂಚೆಯಿದ್ದ ಕಾಲದ ಹೊಟ್ಟೆ, ಈ ಕಾಲದ ಸ್ಪೋರ್ಟ್ಸ್ ಶೂ. ಟ್ರೆಡ್‌ಮಿಲ್ ಮೇಲೆ ನಡೆಯುತ್ತಲೇ ಅಪ್ಪಣೆ ಕೊಟ್ಟರು.

"ಇದು ಯುದ್ಧಕಾಲ ಕಣಯ್ಯ ಗುರು. ಯಾರ ಮನೇಲಿ ಏನು ಮಾತು ನಡೀತಿದೆ ಅಂತ ನಂಗೆ ಗೊತ್ತಾಗ್ಬೇಕು. ಇವತ್ತಿಂದ ನೀನೇ ನಮ್ಮ ಗೃಹ ಇಲಾಖೆ ಗುಪ್ತಚರ ಮುಖ್ಯಸ್ಥ."

"ಅಂಕಲ್, ಸಂಬಳ?"

"ದೀಪಾವಳಿ ಪ್ರೋಗ್ರಾಮಲ್ಲಿ ನಿಂಗೆ ಮಿಮಿಕ್ರಿ ಸ್ಲಾಟು. ಪ್ರೈಮ್ ಟೈಮು. ಊಟಕ್ಕೆ ಮುಂಚೆ!"

ಊಟಕ್ಕೆ ಮುಂಚೆ. ಊಟವಾದ ಮೇಲೆ ಜನ ಪಾರ್ಕಿಂಗ್ ಲಾಟಿಗೆ ಓಡುತ್ತಾರೆ. ಊಟಕ್ಕೆ ಮುಂಚೆ ಎಂದರೆ ತುಂಬಿದ ಸಭೆ. ನನ್ನ ಬೆಲೆ ಅಷ್ಟು. ಇದರಲ್ಲಿ ಮುಚ್ಚಿಡುವಂಥದ್ದೂ ಏನಿಲ್ಲ, ಹೆಚ್ಚು ಕೇಳಲು ನನಗೆ ತೋಚಲೂ ಇಲ್ಲ.

ಆಮೇಲೆ ಪ್ರತಿ ಶನಿವಾರ ವರದಿ. ನಾನು ಬರೆದು ಕೊಡುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದೆ. ಎಡಿಸನ್ನಿನ ಡಾಕ್ಟರರಾಗುತ್ತಿದ್ದೆ, ಅವರ ಹೆಂಡತಿಯಾಗುತ್ತಿದ್ದೆ, ಖಜಾಂಚಿಯ ಅತ್ತೆಯಾಗುತ್ತಿದ್ದೆ. ಸುದ್ದಿ ಒಳ್ಳೆಯದಾದರೆ ಟ್ರೆಡ್‌ಮಿಲ್ ನಿಧಾನ, ಕೆಟ್ಟದಾದರೆ ಜೋರು. ಮೇಲಿನಿಂದ ಆಂಟಿ, "ರೀ, ಏನ್ರೀ ಅದು, ಕೆಳಗೆ ಎಷ್ಟು ಜನ ಇದ್ದಾರೆ? ಕಾಫಿ ಎಷ್ಟು ಲೋಟ ಕಳಿಸ್ಲಿ?" ಎಂದು ಕೂಗುತ್ತಿದ್ದರು. ಅದು ನನಗೆ ಸಿಕ್ಕ ಅತ್ಯುತ್ತಮ ವಿಮರ್ಶೆ. ಮೈಯೆಲ್ಲ ಉಬ್ಬಿಹೋಗುತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೊಬ್ಬ ಚಾಡಿಕೋರ ಆಗಿರುತ್ತಿದ್ದೆ, ಅಷ್ಟೆ. ಆದರೆ ವಿಮಲಕ್ಕ—

ವಿಮಲಕ್ಕ ಹುಬ್ಬಳ್ಳಿಯವರು. ಹಿಲ್ಸ್‌ಬರೋದಲ್ಲಿ ಮನೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಭಾನುವಾರ ಅವರ ಮನೆಯಲ್ಲಿ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿದರೆ ನನ್ನಂಥ ಬ್ರಹ್ಮಚಾರಿಗಳು ಎಲ್ಲಿದ್ದರೂ ಬಂದು ಬೀಳುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದು "ಮಂಗ್ಯಾ" ಎಂದು. "ಏ ಮಂಗ್ಯಾ, ಬಾಯಿ ನಕಲಿ ಮಾಡೂದಕ್ಕಷ್ಟ ಐತೇನು? ತಿನ್ನಾಕೂ ಐತಿ, ತಿನ್ನು!" ಉತ್ತರ ಕರ್ನಾಟಕದ ಹೆಂಗಸರೆಲ್ಲ ಅವರ ಮಾತು ಕೇಳುತ್ತಿದ್ದರು. ಅವರು ಪಾಟೀಲರನ್ನು ಅಣ್ಣಾ ಎನ್ನುತ್ತಿದ್ದರು.

ಬಾಯಿಮಾತಿನ ಅಣ್ಣ ಅಲ್ಲ. ವಿಮಲಕ್ಕನಿಗೆ ಒಡಹುಟ್ಟಿದವರಿರಲಿಲ್ಲ. ಅಮೆರಿಕಕ್ಕೆ ಬಂದ ಮೊದಲ ಶ್ರಾವಣದಲ್ಲಿ, ಪಂಚಮಿಯ ದಿನ ಒಬ್ಬರೇ ಅಳುತ್ತ ಕೂತಿದ್ದಾಗ ಪಾಟೀಲರು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ, "ನಡಿಯವಾ, ತವರಮನಿಗೆ" ಅಂದರಂತೆ. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ಕರೆದೊಯ್ಯುವುದು ಆ ಕಡೆಯ ಪದ್ಧತಿ. ಎರಡು ಮನೆಗಳ ನಡುವೆ ಇದ್ದದ್ದು ಎರಡು ಸಿಗ್ನಲ್ ದೀಪಗಳ ದೂರ. ಆದರೂ ಪ್ರತಿ ವರ್ಷ ಅವರು ಕರೆಯಲು ಬರಬೇಕು, ಇವರು ಹೊಸ ಸೀರೆ ಉಟ್ಟು ಕಾರು ಹತ್ತಬೇಕು. ಪಾಟೀಲರ ಹಿತ್ತಲಿನ ಮೇಪಲ್ ಮರಕ್ಕೆ ಜೋಕಾಲಿ, ಮನೆ ತುಂಬ ಶೇಂಗಾ ಉಂಡಿ, ಎಳ್ಳುಂಡಿ. ಇದನ್ನೆಲ್ಲ ನಾನು ರೊಟ್ಟಿ ಮುರಿಯುತ್ತ ಅವರ ಬಾಯಿಂದಲೇ ಕೇಳಿದ್ದು.

ಚುನಾವಣೆ ಶ್ರಾವಣ ಮುಗಿಯುವುದರೊಳಗೆ ಇತ್ತು. ವಿಮಲಕ್ಕ ಒಂದು ಫೋನು ಮಾಡಿದರೆ ಆ ಹೆಂಗಸರ ಓಟೆಲ್ಲ ಪಾಟೀಲರಿಗೆ. ಈ ವರದಿ ಕೇಳಿ ಅಧ್ಯಕ್ಷರ ಟ್ರೆಡ್‌ಮಿಲ್ ಓಡಿತು, ಓಡಿತು, ಕೊನೆಗೆ ಅವರೇ ಅದನ್ನು ತಗ್ಗಿಸಿದರು.

"ಪಾಟೀಲನ ಧ್ವನಿ ಬರುತ್ತೇನಯ್ಯ ನಿಂಗೆ?"

ಬರುತ್ತಿತ್ತು. ಮಾಡಿ ತೋರಿಸಿದೆ. ನಕ್ಕರು. ಆಮೇಲೆ ನಗು ನಿಲ್ಲಿಸಿದರು.

"ಆಕೆಗೊಂದು ಫೋನು. 'ನಿನ್ನ ಸಹಾಯ ಬೇಡ, ನೀನು ಓಡಾಡಿದ್ರೆ ನಂಗೇ ಕೆಟ್ಟ ಹೆಸರು, ಎಲೆಕ್ಷನ್ ನಾನು ನೋಡ್ಕೋತೀನಿ' — ಇಷ್ಟು ಅಂದ್ರೆ ಸಾಕು. ಮುನಿಸ್ಕೊಂಡು ಮನೇಲಿ ಕೂತ್ಕೋತಾರೆ. ಎಲೆಕ್ಷನ್ ಮುಗಿದ್ಮೇಲೆ ಅವರವರೇ ಸರಿಹೋಗ್ತಾರೆ. ನಮ್ಮಿಬ್ಬರ ಮಧ್ಯೆ ಇರ್ಲಿ."

ಬೇಡ ಎನ್ನಬಹುದಿತ್ತು. ಕನಿಷ್ಠ ಜೋಕು ಮಾಡಿ ತಪ್ಪಿಸಿಕೊಳ್ಳಬಹುದಿತ್ತು — ನನಗೆ ಬರುತ್ತಿದ್ದುದೇ ಅದು. ನಾನು ಯೋಚಿಸಿದ್ದು ಇಷ್ಟೇ: ಆ ಉಸಿರು ಸರಿಯಾಗಿ ಬರಬೇಕಲ್ಲ!

ಪಾಟೀಲರು ಆಗ ವಾರವಿಡೀ ಒಹಾಯೊದಲ್ಲಿ ಕ್ಲಯಂಟ್ ಆಫೀಸಿಗೆ ಹೋಗುತ್ತಿದ್ದರು; ಹೋಟೆಲಿನಿಂದ ಕಾಲಿಂಗ್ ಕಾರ್ಡ್ ಹಾಕಿ ಫೋನು ಮಾಡುತ್ತಿದ್ದರು. ಕಾರ್ಡಿನಿಂದ ಮಾಡಿದರೆ ಯಾರ ನಂಬರೂ ಕಾಣುವುದಿಲ್ಲ; ನಾನೂ ಒಂದು ತೆಗೆದುಕೊಂಡೆ. ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಯ ಗೋಡೆಗಿದ್ದ ಪೇಫೋನು. ಹಿಂದೆ ಡ್ರೈಯರಿನ ಗುಂಯ್ ಸದ್ದು — ಹೋಟೆಲಿನ ಏಸಿಯಂತೆಯೇ. ವಿಮಲಕ್ಕ ಲ್ಯಾಬಿನಲ್ಲಿರುವ ಮಧ್ಯಾಹ್ನ. ಮಶೀನು ಎತ್ತಿಕೊಂಡಿತು. ಬೀಪ್. ಕೆಮ್ಮಿದೆ.

ಅಧ್ಯಕ್ಷರು ಹೇಳಿಕೊಟ್ಟದ್ದನ್ನು ಹೇಳಿ ಮುಗಿಸಿದೆ. ಚೆನ್ನಾಗಿತ್ತು. ಆದರೆ ಏನೋ ಕಡಿಮೆ ಅನ್ನಿಸಿತು — ನಿಜವಾದ ಪಾಟೀಲರಾಗಿದ್ದರೆ ಮನೆಯ ಮಾತೊಂದು ಬರುತ್ತಿತ್ತು, ಬರೀ ಎಲೆಕ್ಷನ್ ಮಾತಾಡಿ ಫೋನು ಇಡುವವರಲ್ಲ ಅವರು. ಟೇಪು ತಿರುಗುತ್ತಿತ್ತು. ಬಾಯಿಗೆ ಬಂತು—

"ಮತ್ತ ಪಂಚಮಿಗೆ ಬರಬ್ಯಾಡ. ಮಂದಿ ತಂಗಿ ತಂಗಿ ಅಂತಾರ. ಖರೇ ತಂಗಿ ಏನ ಅಲ್ಲಲ್ಲ ನೀ."

ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅಧ್ಯಕ್ಷರ ಮೇಲೆ ಹಾಕಿ ಕೈತೊಳೆದುಕೊಳ್ಳೋಣವೆಂದು ಎಷ್ಟು ಸಲ ನೋಡಿದ್ದೇನೆ! ಆಗುವುದಿಲ್ಲ. ಆ ಸಾಲು ನನ್ನದು. ರೊಟ್ಟಿಯ ಜೊತೆ ಅವರು ಬಡಿಸಿದ್ದನ್ನೇ ತೆಗೆದುಕೊಂಡು ಹೋಗಿ, ಅಷ್ಟು ಸರಿಯಾದ ಜಾಗಕ್ಕೆ— ಫೋನು ಇಟ್ಟಾಗ ನನಗೆ ಖುಷಿಯಾಗಿತ್ತು. ಎಂಥ ಟೇಕ್, ಎಂದುಕೊಂಡೆ. ಅದನ್ನೂ ಬರೆದುಬಿಡುತ್ತೇನೆ.

ಪಂಚಮಿಯ ಬೆಳಿಗ್ಗೆ ಪಾಟೀಲರು ಎಂದಿನಂತೆ ಕಾರು ತಂದರಂತೆ. ಬಾಗಿಲಿಗೆ ಬೀಗ. ವಿಮಲಕ್ಕ ಗಂಡನನ್ನೂ ಮಗಳನ್ನೂ ಕರೆದುಕೊಂಡು ಪೆನ್ಸಿಲ್ವೇನಿಯಾದ ದೇವಸ್ಥಾನಕ್ಕೆ ಹೋಗಿಬಿಟ್ಟಿದ್ದರು. ಪಾಟೀಲರು ಒಂದೆರಡು ಸಲ ಫೋನು ಮಾಡಿದರು, ಎತ್ತಲಿಲ್ಲ. ಅವರೂ ಬಿಜಾಪುರದವರು, ಸಿಟ್ಟು ಮೂಗಿನ ತುದಿಯಲ್ಲಿ — ಏನಾಯಿತು ಎಂದು ಕೇಳಲು ಮೂರನೆಯ ಸಲ ಹೋಗಲಿಲ್ಲ. ಚುನಾವಣೆಯ ದಿನ ವಿಮಲಕ್ಕ ಅಧ್ಯಕ್ಷರ ಸಾಲಿನಲ್ಲಿ ಕೂತಿದ್ದರು. ಪಾಟೀಲರು ಅದನ್ನು ನೋಡಿದರು. ಅಧ್ಯಕ್ಷರು ಗೆದ್ದರು.

ಅದಾದ ಮೇಲಿನ ಭಾನುವಾರ ವಿಮಲಕ್ಕ ರೊಟ್ಟಿಗೆ ಕರೆದರು. ನಾನು ಹೋದೆ. ಹೌದು, ಹೋದೆ, ತಿಂದೆ ಕೂಡ. ಆಗ ಅವರು ಮಶೀನಿನ ಗುಂಡಿ ಒತ್ತಿ ನನಗೆ ನನ್ನನ್ನೇ ಕೇಳಿಸಿದರು. ಅಳಿಸಿರಲಿಲ್ಲ. ಟೇಪಿನ ಆ ಜಾಗ ಅಷ್ಟರಲ್ಲೇ ಸವೆದು ಕರಕರ ಅನ್ನುತ್ತಿತ್ತು.

"ನೋಡೋ ಗುರು. ಎಷ್ಟ ತಣ್ಣಗ ಹೇಳ್ಯಾನ ನೋಡು. ಬೈದಿದ್ರ ಬ್ಯಾರೆ ಇತ್ತು."

ಮೆಟ್ಟಿಲ ಮೇಲಿಂದ ಮಗಳು ಸ್ನೇಹಾ ಕಿರುಚಿದಳು. ಇಲ್ಲೇ ಹುಟ್ಟಿದ ಹುಡುಗಿ, ಆಗಿನ್ನೂ ಪ್ರೈಮರಿ ಶಾಲೆ. "ಮಾಮ್, ಸ್ಟಾಪ್ ಪ್ಲೇಯಿಂಗ್ ದ್ಯಾಟ್! ಅದು ಪಾಟೀಲ್ ಮಾಮಾ ಅಲ್ಲವೇ ಅಲ್ಲ. ಇಟ್ ಸೌಂಡ್ಸ್ ಲೈಕ್ ಗುರು ಅಂಕಲ್ ಡೂಯಿಂಗ್ ಪಾಟೀಲ್ ಮಾಮಾ."

ನನ್ನ ಕೈಯಲ್ಲಿ ರೊಟ್ಟಿಯ ಚೂರು ಹಾಗೇ ಇತ್ತು.

"ಹುಚ್ಚಿ! ಮನ್ಯಾಗ ಉಣ್ಣೋ ಹುಡುಗ ಹಂಗ ಮಾಡ್ತಾನೇನು? ಬಾ ಇಲ್ಲೆ. ಸಾರಿ ಹೇಳು ಅವಗ."

ಆ ಮಗು ಮೆಟ್ಟಿಲಿಳಿದು ಬಂದು ನನ್ನ ಮುಂದೆ ನಿಂತು, ನೆಲ ನೋಡುತ್ತ, "ಸಾರಿ, ಗುರು ಅಂಕಲ್" ಎಂದಿತು.

ನಾನು "ಪರವಾಗಿಲ್ಲ ಪುಟ್ಟಿ" ಎಂದೆ.

ಕ್ಷಮಿಸಿದೆ! ನಾನು, ಅವಳನ್ನು! ಆಮೇಲೆ ವಿಮಲಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. "ಏ ಮಂಗ್ಯಾ, ಎಲ್ಲಾರ ಧ್ವನಿ ಮಾಡ್ತಿ. ಅಣ್ಣನ ಧ್ವನಿಯಾಗ ಒಮ್ಮೆ 'ತಪ್ಪಾತವಾ' ಅನ್ನು. ಸುಮ್ನ. ನಗಾಕ."

"ಅವರ ಧ್ವನಿ ನಂಗೆ ಬರಲ್ಲ ವಿಮಲಕ್ಕ."

ಪೇಫೋನಿನಲ್ಲಿ ಆಡಿದ್ದಕ್ಕಿಂತ ಇದು ದೊಡ್ಡ ಸುಳ್ಳು. ಅಲ್ಲಿ ಮೈಮರೆತಿದ್ದೆ ಅನ್ನಬಹುದು. ಇಲ್ಲಿ ಪೂರ್ತಿ ಎಚ್ಚರವಿತ್ತು.

ಶನಿವಾರ ಅಧ್ಯಕ್ಷರಿಗೆ ಪಂಚಮಿಯ ಸಾಲಿನ ವಿಷಯ ಹೇಳಿದೆ. ಟ್ರೆಡ್‌ಮಿಲ್ ನಿಂತಿತು. ಅದು ಪೂರ್ತಿ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಾನು ಅಷ್ಟೊಂದು ಹೇಳು ಅಂದಿರ್ಲಿಲ್ವಲ್ಲಯ್ಯ," ಎಂದರು. ಕತ್ತಿಗೆ ಸುತ್ತಿದ್ದ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಗುಂಡಿ ಒತ್ತಿದರು, ಪಟ್ಟಿ ಮತ್ತೆ ಉರುಳತೊಡಗಿತು, ಅವರೂ ನಡೆಯತೊಡಗಿದರು. ದೀಪಾವಳಿಗೆ ನನಗೆ ಸ್ಲಾಟು ಸಿಕ್ಕಿತು, ಊಟಕ್ಕೆ ಮುಂಚೆ. ಜನ ಬಿದ್ದು ಬಿದ್ದು ನಕ್ಕರು. ವಿಮಲಕ್ಕ ಮುಂದಿನ ಸಾಲಿನಲ್ಲಿ. ಪಾಟೀಲರ ಮನೆಯವರು ಬಂದಿರಲಿಲ್ಲ.

ಸಾಫ್ಟ್‌ವೇರ್ ಬೂಮು ಹೋಯಿತು, ಮತ್ತೆ ಬಂತು. ಆ ಅಧ್ಯಕ್ಷರು ಮಗನ ಬಳಿ ಬೇರೆ ರಾಜ್ಯಕ್ಕೆ ಹೋದರು. ಯುದ್ಧ ಯಾತಕ್ಕಾಗಿ ನಡೆಯಿತೆಂದು ಇವತ್ತು ಸಂಘದಲ್ಲಿ ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಆ ಎರಡು ಮನೆಗಳು ಮಾತ್ರ, ಎರಡು ಸಿಗ್ನಲ್ ದೂರದಲ್ಲಿ—

ಕಳೆದ ಯುಗಾದಿಗೆ ನನ್ನ ಮಿಮಿಕ್ರಿ ಮತ್ತೆ ಇತ್ತು. ಸ್ನೇಹಾ ಈಗ ಪಿಸ್ಕಾಟವೇಯಲ್ಲಿ ಕಾಲೇಜು ಓದುತ್ತಾಳೆ, ಅವತ್ತು ವಾಲಂಟಿಯರ್. ವೇದಿಕೆಯ ಪಕ್ಕದಲ್ಲಿ ನನ್ನ ಕಾಲರಿಗೆ ಮೈಕು ಸಿಕ್ಕಿಸುತ್ತ, ತಲೆ ಎತ್ತದೆ ಕೇಳಿದಳು: "ಯೂ ಡೂ ಎವ್ರಿಬಡಿ, ಗುರು ಅಂಕಲ್. ಪಾಟೀಲ್ ಮಾಮಾನ ಯಾಕೆ ಯಾವತ್ತೂ ಮಾಡಲ್ಲ?"

ಉತ್ತರಕ್ಕೆ ಕಾಯಲಿಲ್ಲ. ಮೈಕು ಆನ್ ಮಾಡಿ ಹೊರಟುಹೋದಳು. ಅವತ್ತು ನಾನು ಯಾರನ್ನು ಮಾಡಿದೆ, ಯಾರು ನಕ್ಕರು, ಒಂದೂ ಗೊತ್ತಿಲ್ಲ.

ನಿನ್ನೆ ಪಾಟೀಲರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು, "ಏನ ಅಂದಿದ್ದಿ, ಹಂಗ ಅನ್ನು ನೋಡೋಣು" ಎಂದರು. ಬೇಡ ಎಂದೆ. ಬಿಡಲಿಲ್ಲ. ಅಂದೆ — ಕೆಮ್ಮು, ಉಸಿರು ಎಲ್ಲ ಸೇರಿಸಿ. ಹಿತ್ತಲಿನ ಮೇಪಲ್ ಮರದ ಕಡೆ ನೋಡಿದರು.

"ಆಕಿ ಇದನ್ನ ನಂಬಿದಳಲ್ಲೋ…" ಎಂದರು. ಆಮೇಲೆ, "ನಾನೂ ಕೇಳಲಿಲ್ಲ."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಕೈ ಅಡ್ಡ ಮಾಡಿದರು.

"ಮೊದಲ ಆಕಿ ಮನಿಗೆ ಹೋಗಬೇಕಿತ್ತು ನೀ. ಇಷ್ಟ ವರ್ಷ ಆದ ಮ್ಯಾಲೂ ನಿನಗ ಸಸಾರದ, ಸುಲಭದ ಮನಿನ ಬೇಕಾತಲ್ಲ. ಎದ್ದೇಳು."

ಎದ್ದು ಬಂದೆ.

ಇವತ್ತು ಮಧ್ಯಾಹ್ನ ವಿಮಲಕ್ಕನ ಮನೆಗೆ ಫೋನು ಮಾಡಿದೆ. ಅವರು ಲ್ಯಾಬಿನಲ್ಲಿರುವ ಹೊತ್ತು ಎಂಬುದು ಮೊದಲೇ ಗೊತ್ತಿತ್ತು — ನೋಡಿ, ಈಗಲೂ ನಾನು ಹೀಗೇ. ಮಶೀನು ಎತ್ತಿಕೊಂಡಿತು. ಬೀಪ್ ಆಯಿತು. ಕೆಮ್ಮು ಬಂತು, ನನ್ನದೇ ಕೆಮ್ಮು. ವಿಷಯವನ್ನು ಆ ಮಶೀನಿಗೆ ಹೇಳಲಿಲ್ಲ. ಅದಕ್ಕೆ ಒಮ್ಮೆ ಹೇಳಿದ್ದೇ ಸಾಕು. ಇಷ್ಟೇ ಹೇಳಿ ಫೋನು ಇಟ್ಟೆ:

"ವಿಮಲಕ್ಕ, ನಾನು ಗುರು. ಭಾನುವಾರ ಬರ್ತೀನಿ, ಒಂದು ಮಾತು ಹೇಳೋದಿದೆ. ರೊಟ್ಟಿ ತಟ್ಟಬೇಡಿ."