ಗುರುವಾರದ ಮೇಡಂಗೆ ನಾನು ಹೇಳಿದ ಸುಳ್ಳು

ಎರಡು ತಿಂಗಳ ಹಿಂದೆ, ಒಂದು ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆಗೆ, ತಲೆ ಸರಿಯಾಗಿರುವಾಗಲೇ ನಾನೊಂದು ಸುಳ್ಳು ಹೇಳಿದೆ.

ಸುಳ್ಳು ನನಗೆ ಹೊಸದೇನಲ್ಲ. ಇಟ್ಟಿಗೆ ಗೂಡಿನಲ್ಲಿ ಮೂವತ್ತು ವರ್ಷ ದುಡಿದವಳು. ಜ್ವರ ಇಲ್ಲದಾಗ ಜ್ವರ ಅಂದಿದ್ದೇನೆ, ಉಣ್ಣದೆ ಉಂಡೆ ಅಂದಿದ್ದೇನೆ. ಅವೆಲ್ಲ ನನ್ನೊಬ್ಬಳ ಮೈಮೇಲೆ ಬೀಳುವ ಸುಳ್ಳು. ಇದು ಏಳು ವರ್ಷದ ಒಂದು ಮಗುವಿನ ಮೇಲೆ ಬಿತ್ತು.

ಪೇಪರಿನ ಈ ಜಾಗದಲ್ಲಿ ಕೂತು ನಾನು ವಾರವಾರ ಊರವರ ತಪ್ಪನ್ನೆಲ್ಲ ಎತ್ತಿ ಆಡಿದ್ದೇನೆ. ಕಸದ ಗಾಡಿಯವರು, ಬಸ್ ಕಂಡಕ್ಟರುಗಳು, ಮದುವೆಯಲ್ಲಿ ಎಲೆ ತುಂಬ ಬಡಿಸಿಕೊಂಡು ಅರ್ಧಕ್ಕೆ ಏಳುವವರು, ಯಾರನ್ನೂ ಬಿಟ್ಟಿಲ್ಲ. ಈ ವಾರ ನನ್ನ ಸರದಿ. ನನ್ನನ್ನು ಬಿಟ್ಟರೆ ನ್ಯಾಯವೇ?

ಮಾಲೂರಿನಲ್ಲಿ ನಾನಿರುವುದು ಸಾಲುಮನೆ. ಆರು ಮನೆ, ಮೇಲೆ ಸಿಮೆಂಟ್ ಶೀಟು, ಎರಡು ಮನೆಗಳ ನಡುವೆ ಒಂದೇ ಗೋಡೆ. ಗಂಡ ಹೋಗಿ ಇಪ್ಪತ್ತು ವರ್ಷ ದಾಟಿತು. ಮಕ್ಕಳಾಗಲಿಲ್ಲ. (ಅಯ್ಯೋ ಅನ್ನಬೇಡಿ. ವಿಷಯ ಗೊತ್ತಿರಲಿ ಅಂತ ಹೇಳಿದೆ, ಅಷ್ಟೆ.) ನನ್ನ ಗೋಡೆಯ ಆಚೆ ಮುನಿರಾಜು, ಲಕ್ಷ್ಮಿ ಮತ್ತು ಅವರ ಹೆಣ್ಣುಮಗು. ಅವನಿಗೆ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ. ಅವಳು ನರ್ಸರಿಯಲ್ಲಿ ಸಸಿ ತುಂಬುತ್ತಾಳೆ.

(ಹೆಸರುಗಳನ್ನು ಬದಲಿಸಿದ್ದೇನೆ. ಮಕ್ಕಳ ವಿಷಯ ಬರೆಯುವಾಗ ನಿಜವಾದ ಹೆಸರು ಹಾಕಬಾರದಂತೆ. ಆದರೆ ಗೋಡೆಯನ್ನು ಬದಲಿಸಲು ಆಗುವುದಿಲ್ಲವಲ್ಲ.)

ಮುನಿರಾಜು ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಹೋದ ವರ್ಷ ಒಂದು ಸಂಜೆ ಜಗಳ ಜೋರಾದಾಗ ಮಗು ಚಪ್ಪಲಿ ಹಾಕಿಕೊಂಡು ಎದ್ದುಹೋಯಿತು. ಬೆಂಗಳೂರಿಗೆ ಹೋಗುವ ರೈಲು ಹತ್ತಿ ಕೂತಿತ್ತು. ಯಾರೋ ಪುಣ್ಯಾತ್ಮರು ಕೆಳಗಿಳಿಸಿ, ಮನೆ ಎಲ್ಲಿ ಅಂತ ಕೇಳಿದರೆ, "ಹೇಳಲ್ಲ" ಅಂದಿತಂತೆ.

ಅಲ್ಲಿಂದ ಪೊಲೀಸು, ಮಕ್ಕಳ ಕಲ್ಯಾಣದ ಕಮಿಟಿ, ಆಮೇಲೆ ಕೋಲಾರದಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಒಂದು ಹಾಸ್ಟೆಲ್. ಮನೆ ಸರಿಯಾಗಿದೆ ಅಂತ ರಿಪೋರ್ಟ್ ಬಂದ ಮೇಲೆಯೇ ಮಗು ಮನೆಗೆ ಎಂದು ಕಮಿಟಿಯವರು ಹೇಳಿದರು. ಆ ರಿಪೋರ್ಟ್ ಬರೆಯಲು ಬಂದವಳು ರೂಪಾ ಮೇಡಂ.

ಮೇಡಂ ಅಂದರೆ ಇಪ್ಪತ್ತೇಳರ ಹುಡುಗಿ. ಮುರಿದ ಸಂಸಾರಗಳನ್ನು ಮತ್ತೆ ಎತ್ತಿ ನಿಲ್ಲಿಸುವುದು ಅವಳ ಕೆಲಸ. ಹೀಗೂ ಒಂದು ಕೆಲಸ ಇದೆ, ಇದಕ್ಕೂ ಕಾಲೇಜಿನಲ್ಲಿ ಓದಿರಬೇಕು ಅಂತ ನನಗೆ ಗೊತ್ತಿರಲಿಲ್ಲ. ಮೂಲೆಮನೆಯ ರತ್ನಮ್ಮ ಅವಳ ಎದುರಿಗೇ ಅಂದಳು: "ಇನ್ನೂ ಮದ್ವೇನೇ ಆಗಿಲ್ಲ, ಇವಳೇನಮ್ಮ ಸಂಸಾರ ಹೇಳ್ಕೊಡೋದು?"

"ಹಲ್ಲು ಕೀಳೋ ಡಾಕ್ಟ್ರಿಗೆ ಹಲ್ಲುನೋವು ಬಂದಿರಲೇಬೇಕಾ ಆಂಟಿ?" ಅಂದಳು ಹುಡುಗಿ. ರತ್ನಮ್ಮನ ಬಾಯಿ ಮುಚ್ಚಿಸಿದವರನ್ನು ನಾನು ನೋಡಿದ್ದು ಅದೇ ಮೊದಲು.

ಮೇಡಂ ಗುರುವಾರ ಬರುತ್ತಿದ್ದಳು. ಅವಳ ಬಸ್ಸು ಹತ್ತೂಮುಕ್ಕಾಲಿಗೆ. ಲಕ್ಷ್ಮಿ ಅರ್ಧ ದಿನ ರಜೆ ಕೇಳಿಕೊಂಡು ಮನೆ ಸೇರುವುದು ಹನ್ನೆರಡಕ್ಕೆ. ನಡುವಿನ ಒಂದು ಗಂಟೆ ನನ್ನದು.

ಮುಳಬಾಗಿಲ ಕಡೆಯ ಹುಡುಗಿ. ಅವರ ಮನೆಯಲ್ಲಿ ತೆಲುಗು, ಅಜ್ಜಿಗೆ ಅವ್ವ ಅನ್ನುತ್ತಾರೆ. ನನ್ನನ್ನೂ ಹಾಗೇ ಕರೆದಳು.

"ಗೋಡೆ ಒಂದೇ ಅಲ್ವಾ ಅವ್ವಾ, ಎಲ್ಲಾ ಕೇಳಿಸುತ್ತಾ?"

"ಕೇಳಿಸ್ದೆ ಏನಮ್ಮ. ಅವ್ನು ಮಗ್ಗುಲು ಬದಲಾಯಿಸಿದ್ರೂ ಕೇಳಿಸ್ತದೆ."

ನಕ್ಕಳು. ಆಮೇಲೆ ಪುಸ್ತಕ ತೆಗೆದು ಕೇಳಿದಳು: "ಜಗಳ ಯಾವ ಹೊತ್ತಿಗೆ ಶುರುವಾಗುತ್ತೆ?"

ಜಗಳ ಯಾಕೆ ಅಂತ ಊರೆಲ್ಲ ಕೇಳುತ್ತದೆ. ಯಾವ ಹೊತ್ತಿಗೆ ಅಂತ ಕೇಳಿದವಳು ಇವಳೊಬ್ಬಳೇ. ನಾನು ಯೋಚನೆ ಮಾಡಿ ಹೇಳಿದೆ: "ನಲ್ಲೀಲಿ ನೀರು ಬರ್ದಿರೋ ದಿನ ಕಣಮ್ಮ. ಅವ್ನು ಮೈಯೆಲ್ಲ ಧೂಳು ಮಾಡ್ಕೊಂಡು ಬರ್ತಾನೆ, ಡ್ರಮ್ಮಲ್ಲಿ ನೀರಿರಲ್ಲ. ನಾನೂ ದುಡ್ದು ಬಂದಿಲ್ವಾ ಅಂತಾಳೆ ಅವ್ಳು. ಆಚೆ ಹೋಗ್ತಾನೆ, ಕುಡ್ಕೊಂಡು ಬರ್ತಾನೆ. ಆಮೇಲೆ ಏಟು."

ಅಷ್ಟನ್ನೂ ಬರೆದುಕೊಂಡಳು. ಗೂಡಿನಲ್ಲಿ ಮೂವತ್ತು ವರ್ಷ ನಾನು ಹೇಳಿದ್ದನ್ನು ಯಾರಾದರೂ ಬರೆದುಕೊಂಡಿದ್ದರೆ ಕೇಳಿ. ನೀರು ಬರುವ ದಿನ ಡ್ರಮ್ ತುಂಬಿಸುವುದು ಮುನಿರಾಜುವಿನ ಕೆಲಸ ಎಂದು ಮಾತಾಯಿತು. ಬರೀ ನೀರಿನಿಂದ ಎಲ್ಲ ಸರಿಹೋಯಿತು ಅನ್ನುವಷ್ಟು ದಡ್ಡಿ ನಾನಲ್ಲ. ಕುಡಿತ ಬಿಡಿಸಲು ಮೇಡಂ ಅವನನ್ನು ಡಾಕ್ಟರ ಹತ್ತಿರ ನಾಲ್ಕು ಸಲ ಕರೆದುಕೊಂಡು ಹೋದಳು. ಎರಡು ಸಲ ಅವನು ಬಸ್‌ಸ್ಟ್ಯಾಂಡಿನಲ್ಲೇ ಮಾಯ. ಅವಳು ಮಾತ್ರ ಮುಂದಿನ ಗುರುವಾರ ಏನೂ ಆಗದವಳ ಹಾಗೆ ಬಂದು, "ಏನಣ್ಣ, ಬಸ್ಸು ಸಿಕ್ತಾ?" ಅನ್ನುತ್ತಿದ್ದಳು.

ಹೀಗೆ ಆರು ತಿಂಗಳು. ಗೋಡೆಯಾಚೆಯ ಸದ್ದು ಕಡಿಮೆಯಾಗುತ್ತಾ ಬಂತು. ಒಂದು ದಿನ ಇಬ್ಬರೂ ನಕ್ಕಿದ್ದು ಕೇಳಿಸಿತು. ನಾನು ಒಲೆ ಆರಿಸಿ ಕಿವಿಗೊಟ್ಟೆ. ನಗುವೇ.

ಈ ಕಡೆ ನನಗೊಂದು ಚಟ ಹತ್ತಿತ್ತು. ಬುಧವಾರವೇ ರಾಗಿ ಹಿಟ್ಟು ಜರಡಿ ಹಿಡಿದು ಇಡುತ್ತಿದ್ದೆ. ಗುರುವಾರ ಮೇಡಂಗೆ ಬಿಸಿ ರೊಟ್ಟಿ ಕೊಟ್ಟರೆ ತಿನ್ನುತ್ತಾ, "ಅವ್ವಾ, ಈ ಚಟ್ನಿಯಲ್ಲಿ ನನ್ನ ಮೇಲೆ ಯಾವ ಹಗೆ ತೀರಿಸ್ಕೋತಿದ್ದೀರಾ?" ಅನ್ನುತ್ತಿದ್ದಳು. ಅವಳು ಹೋದ ಮೇಲೆ ಮುಂದಿನ ಗುರುವಾರದವರೆಗೆ ನನ್ನ ಬಾಯಿಗೆ ಕೆಲಸವಿಲ್ಲ. ಮೊದಲು ಅಂಗಡಿಯವನಾದರೂ ಮಾತಾಡುತ್ತಿದ್ದ. ಈಗ ಅಲ್ಲೂ ಒಂದು ಡಬ್ಬಿ, ಇಷ್ಟು ರೂಪಾಯಿ ಬಂತು ಅಂತ ಅದೇ ಮಾತಾಡುತ್ತದೆ.

ಒಂದು ಗುರುವಾರ ಅವಳು ಖುಷಿಯಲ್ಲಿದ್ದಳು. "ಮುಗೀತು ಅವ್ವಾ. ಮುಂದಿನ ವಾರ ಬಂದು ಕೊನೇ ರಿಪೋರ್ಟ್ ಬರೀತೀನಿ. ಮಗು ಮನೆಗೆ. ನನಗೆ ಶ್ರೀನಿವಾಸಪುರದ ಕಡೆ ಕೇಸ್ ಕೊಟ್ಟಿದ್ದಾರೆ."

"ಹಂಗಾರೆ ಈ ಕಡೆ ಬರಲ್ವಾ?"

"ಸರಿಹೋದ ಮನೆಗೆ ನಾನ್ಯಾಕೆ ಅವ್ವಾ?"

ನಿಜ ತಾನೆ? ಸರಿಹೋದ ಮನೆಗೆ ಅವಳು ಯಾಕೆ?

ಮುಂದಿನ ವಾರ ಬಂದಳು, ಪುಸ್ತಕ ತೆಗೆದಳು, "ಈ ವಾರ ಹೇಗಿತ್ತು?" ಅಂದಳು. ಸದ್ದೇ ಇಲ್ಲ ಅನ್ನಬೇಕಿತ್ತು. ನನ್ನ ಬಾಯಿ ಹೇಳಿದ್ದು ಬೇರೆ.

"ಸೋಮವಾರ ಪಾತ್ರೆ ಬಿದ್ದ ಸದ್ದಾಯ್ತು. ಅವ್ಳು ಅತ್ತಂಗಿತ್ತು."

ಅವಳ ಪೆನ್ನು ನಿಂತಿತು. "ಖಂಡಿತ ಕೇಳಿಸ್ತಾ?"

"ಗೋಡೆ ಒಂದೇ ಅಲ್ವಾ?" ಅಂದೆ. ಬರೆದುಕೊಂಡಳು. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದಳು.

ಪಕ್ಕದ ಮನೆಯಲ್ಲಿ ಅವರಿಬ್ಬರೂ ಜಗಳ ಆಗೇ ಇಲ್ಲ ಅಂದರಂತೆ. ಹೊಡೆದವರೂ, ಹೊಡೆಸಿಕೊಂಡವರೂ ಇಲ್ಲ ಅನ್ನುವುದು ಮೇಡಂಗೆ ಹೊಸದಲ್ಲ. ರಿಪೋರ್ಟ್ ನಿಂತಿತು.

ನಾನು ಬಯಸಿದ್ದು ಆಯಿತು. ಮರುಗುರುವಾರ ಅವಳು ಬಂದಳು. ಆದರೆ ಜೊತೆಗೆ ದೊಡ್ಡ ಆಫೀಸರಮ್ಮ ಇದ್ದರು. ಲಕ್ಷ್ಮಿಯನ್ನು ಮೊದಲೇ ಕರೆಸಿ, ನೇರ ಪಕ್ಕದ ಮನೆಗೆ ಹೋಗಿ ಎರಡು ಗಂಟೆ ಕೂತರು. ಹೊರಡುವಾಗ ಮೇಡಂ ನನ್ನ ಬಾಗಿಲಲ್ಲಿ ನಿಂತು, "ಚೆನ್ನಾಗಿದ್ದೀರಾ ಅವ್ವಾ?" ಅಂದು, ಉತ್ತರ ಕೇಳದೆ ಬಸ್ಸಿಗೆ ಹೋದಳು. ನಾನು ಮಾಡಿಟ್ಟಿದ್ದ ರೊಟ್ಟಿಯನ್ನು ನಾನೇ ತಿಂದೆ.

ಆ ಸಂಜೆ ಲಕ್ಷ್ಮಿ ಅಳುವುದು ಕೇಳಿಸಿತು. ಈ ಸಲ ನಿಜವಾಗಿ. ಮಗುವಿಗೆ ಅಂತ ಗೋಡೆಗೆ ಹಸಿರು ಬಣ್ಣ ಹೊಡೆದಿದ್ದರು, ಪುಸ್ತಕ ಇಡಲು ಹಲಗೆ ಹಾಕಿಸಿದ್ದರು. ಮೊಳೆ ಹೊಡೆಯುವಾಗ ನನ್ನ ಕಡೆಯ ಗಾರೆ ಉದುರಿ, ನಾನೇ ಬೈದಿದ್ದೆ.

ಶುಕ್ರವಾರ ಮುನಿರಾಜು ಎರಡು ಬಿಂದಿಗೆ ನೀರು ತಂದು ನನ್ನ ಮನೆಯೊಳಗಿಟ್ಟ. ತರಲು ಅವನಿಗೆ ಯಾರೂ ಹೇಳಿರಲಿಲ್ಲ.

"ಯಾರೋ ನಮ್ ಮೇಲೆ ಹೇಳವ್ರೆ ಅಜ್ಜಿ," ಅಂದ. "ಅದೂ ಸರಿ ಬಿಡು. ಮೊದ್ಲು ನಾನು ಮಾಡಿರೋದಕ್ಕೆ ಯಾರು ಏನ್ ಹೇಳಿದ್ರೂ ನಂಬ್ತಾರೆ."

ನಾನು ಬಿಂದಿಗೆ ಖಾಲಿ ಮಾಡಿ ಕೊಟ್ಟೆ.

ಸೋಮವಾರ ಬಸ್ ಹತ್ತಿ ಕೋಲಾರಕ್ಕೆ ಹೋದೆ. ಅವಳ ಆಫೀಸು ಮೂರನೇ ಮಹಡಿ. ಹತ್ತಿ ಹೋಗಿ, ಕೂರುವುದಕ್ಕೂ ಮುಂಚೆ ಹೇಳಿದೆ.

"ಆ ಸೋಮವಾರ ಯಾವ ಸದ್ದೂ ಆಗ್ಲಿಲ್ಲ. ನಾನು ಸುಳ್ಳು ಹೇಳ್ದೆ."

ಅವಳು ಕೈಯಲ್ಲಿದ್ದ ಫೈಲು ಮುಚ್ಚಿದಳು. "ಯಾಕವ್ವಾ?"

"ನೀನು ಬರ್ತಾ ಇರ್ತೀಯ ಅಂತ."

ಅಯ್ಯೋ ಪಾಪ ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. "ಹನ್ನೊಂದು ದಿನದಿಂದ ಆ ಮಗು ಬಟ್ಟೆ ತುಂಬಿದ ಬ್ಯಾಗು ಇಟ್ಕೊಂಡು ಹಾಸ್ಟೆಲ್ ಬಾಗಿಲಲ್ಲಿ ಕೂತ್ಕೋತಿದೆ ಅವ್ವಾ. ಒಳಗೆ ಬಂದು ಊಟ ಮಾಡು ಅಂದ್ರೆ, ನಮ್ಮಮ್ಮ ಬಂದು ವಾಪಸ್ ಹೋಗ್ಬಿಟ್ರೆ ಅನ್ನುತ್ತೆ," ಅಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಬಾಯಿಮಾತು ಸಾಲದು, ಬರೆದುಕೊಡಬೇಕು ಅಂದಳು. ನಾನೇ ಬರೆದೆ. ಈ ಪೇಪರಿನವರು ತಿದ್ದಿ ಹಾಕುತ್ತಾರೆ, ಅಲ್ಲಿ ತಿದ್ದುವವರು ಯಾರು? "ಜಗಳ ಆಗಿಲ್ಲ. ನಾನು ಸುಳ್ಳು ಹೇಳಿದೆ. ಮಗುನ ಕಳಿಸಿ." ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು. ಅವಳು ಫೈಲಿಗೆ ಸೇರಿಸಿದಳು.

ಏಳುವಾಗ ಕೇಳಿಯೇಬಿಟ್ಟೆ. "ನನ್ನಂಥೋರ ಮನೆಗೆ ಬರೋಕೆ ನಿಮ್ಮಲ್ಲಿ ಯಾರೂ ಇಲ್ವಾ?"

"ಪೆನ್ಷನ್ ಬರ್ತಿದೆಯಲ್ಲ ಅವ್ವಾ?"

"ಬರ್ತದೆ. ಅದು ಮಾತಾಡಲ್ಲ."

ಅವಳು ಮೇಜಿನ ಮೇಲಿದ್ದ ಕೇಸಿನ ಫಾರಂ ತಿರುಗಿಸಿ ನೋಡಿದಳು. ಗಂಡ, ಹೆಂಡತಿ, ಮಕ್ಕಳು, ಮನೆಯ ಹಿರಿಯರು, ಎಲ್ಲರಿಗೂ ಅದರಲ್ಲಿ ಜಾಗ ಇತ್ತು. "ನಮ್ಮದು ಕುಟುಂಬಗಳ ಕೆಲಸ ಅವ್ವಾ. ಒಬ್ಬರೇ ಇದ್ರೆ ಕೇಸ್ ಆಗಲ್ಲ," ಅಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬಸ್‌ಸ್ಟ್ಯಾಂಡಿನವರೆಗೂ ಬಂದು, ಸೀಟು ಹಿಡಿದುಕೊಟ್ಟು ಹೋದಳು. ಅವಳನ್ನು ನೋಡಿದ್ದು ಅದೇ ಕೊನೆ.

ಅವಳನ್ನು ದೂರಬೇಡಿ. ಬೇರೆಯವರ ಮಕ್ಕಳನ್ನು ಮನೆ ಸೇರಿಸಲು ವಾರವೆಲ್ಲ ಬಸ್ಸಿನಲ್ಲಿ ನೇತಾಡುವ ಹುಡುಗಿ, ತನ್ನ ಅಮ್ಮನನ್ನು ನೋಡುವುದು ಭಾನುವಾರ ಮಾತ್ರ. ಇಂಥವರು ನಮ್ಮ ತಾಲ್ಲೂಕಿಗೆ ಇನ್ನೂ ನಾಲ್ಕು ಜನ ಬೇಕು. ಅವರು ಬಂದಾಗ ಪಕ್ಕದ ಮನೆಯವರು ನಿಜ ಹೇಳಬೇಕು. ನನ್ನಿಂದ ಅದೊಂದು ಆಗಲಿಲ್ಲ.

ಮಗು ಬಂತು. ಆರು ವಾರವಾಯಿತು. ಸಂಜೆ ಮಗ್ಗಿ ಹೇಳುವುದು ಗೋಡೆಯಲ್ಲಿ ಕೇಳಿಸುತ್ತದೆ. ಏಳರ ಮಗ್ಗಿಯಲ್ಲಿ ತಪ್ಪುತ್ತದೆ. ಮುನಿರಾಜು ಬೈಯುವುದಿಲ್ಲ, ಅವನಿಗೂ ಬರುವುದಿಲ್ಲ.

ಇಷ್ಟಕ್ಕೇ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಪಕ್ಕದ ಮನೆಯವರಿಗೆ ಮೇಡಂ ನನ್ನ ಹೆಸರು ಹೇಳಿಲ್ಲ. ಆದರೆ ಹೋದ ವಾರ ಲಕ್ಷ್ಮಿ ನನ್ನ ಬಾಗಿಲಿಗೆ ಬಂದು ಹೇಳಿದಳು: "ಚಾಡಿ ಹೇಳಿದ್ದು ಆ ರತ್ನಮ್ಮನೇ ಕಣಜ್ಜಿ. ಅವ್ಳ ನಾಲ್ಗೆ ನಮಗೆ ಗೊತ್ತಿಲ್ವಾ? ಇನ್ಮೇಲೆ ಅವ್ಳ ಮನೆಗೂ ನಮ್ಗೂ ಮಾತಿಲ್ಲ."

ರತ್ನಮ್ಮನ ನಾಲಿಗೆ ಉದ್ದ, ಒಪ್ಪಿದೆ. ಆದರೆ ಈ ಕೆಲಸ ಅವಳದಲ್ಲ. ಆ ಹೆಂಗಸು ಈಗ ನಲ್ಲಿಯ ಹತ್ತಿರ ಒಬ್ಬಳೇ ನಿಲ್ಲುತ್ತಾಳೆ. ಒಬ್ಬಳೇ ನಿಲ್ಲುವುದು ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಲಕ್ಷ್ಮಿಗೆ ಬಾಯಿಬಿಟ್ಟು ಹೇಳೋಣ ಅಂತ ಮೂರು ಸಲ ಹೋದೆ. ಮೂರು ಸಲವೂ ಉಪ್ಪು ಕೇಳಿಕೊಂಡು ಬಂದೆ. ಮನೆಯಲ್ಲಿ ಈಗ ಮಳೆಗಾಲ ಕಳೆಯುವಷ್ಟು ಉಪ್ಪಿದೆ. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಅಂತ ಇಲ್ಲಿ ಬರೆದೆ. ಲಕ್ಷ್ಮಿಗೆ ಓದಲು ಬರುತ್ತದೆ, ನನ್ನ ಬರಹ ಬಂದ ದಿನ ನರ್ಸರಿಯಲ್ಲಿ ಎಲ್ಲರಿಗೂ ಓದಿ ಹೇಳುತ್ತಾಳಂತೆ.

ಓದಿದ ಮೇಲೆ ಅವಳು ಬರುತ್ತಾಳೆ, ಜಗಳ ಆಡಲಿಕ್ಕಾದರೂ ಬರುತ್ತಾಳೆ, ಅಲ್ಲವೇ?