ಮ್ಯಾಗ್ನೆಟ್ ಮಾವನ ಗೋಡೆ

ಮ್ಯಾಗ್ನೆಟ್ ಮಾವ ಯಾರಿಗೂ ಮಾವನಾಗಿರಲಿಲ್ಲ. ಕಡಲಂಚಿನ ಮರಳು ಕಾರ್ಖಾನೆಯಲ್ಲಿ ಅಯಸ್ಕಾಂತದ ಯಂತ್ರ ನಡೆಸುತ್ತಿದ್ದ. ತನಗಿಂತ ಕಿರಿಯರನ್ನೆಲ್ಲ “ಅಳಿಯಾ, ಆಚೆ ಸರಿ” ಎಂದು ಗದರುತ್ತಿದ್ದ. ಹೆಸರು ಹಾಗೆ ಅಂಟಿಕೊಂಡಿತು. ಸಿಟ್ಟು ಬಂದಾಗ ಹೆಂಡತಿಯೂ ಅದೇ ಹೆಸರಿನಿಂದ ಕೂಗುತ್ತಿದ್ದಳಂತೆ. ಕುಳ್ಳ, ಗಟ್ಟಿ ಮೈ, ಹುಬ್ಬಿನ ಕೂದಲಲ್ಲಿ ಸದಾ ಮರಳು. ತಾನು ತಪ್ಪಿರಬಹುದು ಎಂಬ ಅನುಮಾನ ಅವನ ಹತ್ತಿರ ಸುಳಿದದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ. ಆಗ ಅದೇ ಕಾರ್ಖಾನೆಯ ಪ್ರಯೋಗಾಲಯ ನನ್ನ ಕೈಯಲ್ಲಿತ್ತು.

ಅಲ್ಲಿಯ ದಂಡೆಯ ಮರಳು ಕಪ್ಪು. ಒಂದು ಹಿಡಿ ಎತ್ತಿ ಭೂತಗನ್ನಡಿಯಡಿ ಹಿಡಿದರೆ ಇದ್ದಿಲಿನಂಥ ಇಲ್ಮನೈಟ್, ಕೆಂಪು ಗಾರ್ನೆಟ್, ಗಾಜಿನ ಪುಡಿಯಂಥ ಜಿರ್ಕಾನ್, ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಜೇನುಬಣ್ಣದ ಕಾಳು. ರಾಳದ ಮಿನುಗು, ಅಂಚು ಸವೆದು ಗುಂಡಗಾದ ಆಕಾರ. ಅದು ಮೊನಜೈಟ್: ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ ಎಂಬ ವಿರಳ ಲೋಹಗಳು ರಂಜಕದೊಡನೆ ಕೂಡಿ ಆದ ಫಾಸ್ಫೇಟ್. ಅದು ಹುಟ್ಟುವುದು ಕಡಲಲ್ಲಲ್ಲ, ಒಳನಾಡಿನ ಬೆಟ್ಟಗಳ ಗ್ರಾನೈಟ್ ಮತ್ತು ಪಟ್ಟೆಪಟ್ಟೆಯ ನೈಸ್ ಬಂಡೆಗಳಲ್ಲಿ. ಅಲ್ಲಿಯೂ ಅದರ ಪ್ರಮಾಣ ಅಡುಗೆಗೆ ಹಾಕಿದ ಉಪ್ಪಿಗಿಂತ ಕಡಿಮೆ. ಬಂಡೆ ಕೊಳೆತು ಮಣ್ಣಾದರೂ ಇದು ಕೊಳೆಯುವುದಿಲ್ಲ, ಮಳೆಗೆ ಕರಗುವುದಿಲ್ಲ. ತೂಕ ನೀರಿನ ಐದು ಪಟ್ಟು. ಹೊಳೆ ಎಲ್ಲಿ ವೇಗ ಕಳೆದುಕೊಳ್ಳುತ್ತದೋ ಅಲ್ಲಿ ಕುಳಿತುಬಿಡುತ್ತದೆ. ಮುಂದೆ ಸಾಗಿ ಕಡಲು ಸೇರಿದ್ದನ್ನು ಅಲೆಗಳು ದಡದಲ್ಲಿ ಕೇರುತ್ತವೆ. ಹಗುರ ಮರಳನ್ನು ಎಳೆದೊಯ್ದು ಭಾರದ್ದನ್ನು ಬಿಟ್ಟು ಹೋಗುತ್ತವೆ. ಮೊನಜೈಟಿನೊಳಗೆ ತುಸು ಥೋರಿಯಂ ಕೂಡ ಸೇರಿರುತ್ತದೆ. ಅದರಿಂದ ಸದಾ ಸಣ್ಣಗೆ ವಿಕಿರಣ ಹೊಮ್ಮುತ್ತದೆ. ಇದು ಕಂಡು ಹೆದರಿ ಓಡಬೇಕಾದ ವಸ್ತುವಲ್ಲ. ತಲೆದಿಂಬಿನ ಪಕ್ಕ ಇಟ್ಟುಕೊಳ್ಳಬೇಕಾದ್ದೂ ಅಲ್ಲ.

ಕಾರ್ಖಾನೆಯ ಕೆಲಸ ಈ ಕಾಳುಗಳನ್ನು ಬೇರೆ ಬೇರೆ ಮಾಡುವುದು. ಮೊದಲು ನೀರಿನಲ್ಲಿ ಜಾಲಿಸಿ ಹಗುರದ್ದನ್ನು ತೆಗೆಯುತ್ತಾರೆ. ಒಣಗಿಸಿ ವಿದ್ಯುತ್ತಿನ ಉರುಳೆಯ ಮೇಲೆ ಸುರಿದರೆ, ವಿದ್ಯುತ್ತನ್ನು ಹರಿಯಗೊಡುವ ಇಲ್ಮನೈಟ್ ಸಿಡಿದು ಒಂದು ಕಡೆಗೆ ಹೋಗುತ್ತದೆ. ಉಳಿದದ್ದು ಮಾವನ ಬೆಲ್ಟಿಗೆ ಬರುತ್ತಿತ್ತು. ಗಾರ್ನೆಟ್ ಅಯಸ್ಕಾಂತಕ್ಕೆ ಬೇಗ ಓಗೊಡುತ್ತದೆ. ಜಿರ್ಕಾನ್ ಕ್ಯಾರೇ ಅನ್ನುವುದಿಲ್ಲ. ಮೊನಜೈಟ್ ಇವೆರಡರ ನಡುವೆ, ಬಲವಾಗಿ ಎಳೆದರೆ ಮಾತ್ರ ಒಲ್ಲದ ಮನಸ್ಸಿನಿಂದ ಬರುತ್ತದೆ. ಹಾಗಾಗಿ ಬೆಲ್ಟಿನ ತುದಿಯಲ್ಲಿ ಕೆಂಪು, ಜೇನು, ಬಿಳಿ ಎಂದು ಮೂರು ಧಾರೆ, ನಡುವೆ ಒಂದೊಂದು ತಗಡು. ಆ ತಗಡನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ಮಾವ ಜೇನಿನ ಧಾರೆಯನ್ನು ಶುದ್ಧವಾಗಿ ಇಟ್ಟುಕೊಳ್ಳುತ್ತಿದ್ದ. ಅವನ ಪಾಳಿ ಮುಗಿದ ಮೇಲೆ ಬರುವ ಚಾಲಕನೂ ಒಳ್ಳೆಯ ಕೆಲಸಗಾರನೇ. ಮಾವ ಮಾತ್ರ ಹೋಗುವ ಮುನ್ನ ಅವನಿಗೆ, “ನನ್ನ ಮಿಷನ್ನು, ಜೋಪಾನ” ಎಂದು ಹೇಳದೆ ಹೋದದ್ದಿಲ್ಲ.

ಯಂತ್ರದ ಮನೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಎದೆಯ ಮೇಲೆ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಸಿಕ್ಕಿಸಿಕೊಳ್ಳಬೇಕು. ಮೈಗೆ ಎಷ್ಟು ವಿಕಿರಣ ತಾಗಿತು ಎಂಬುದು ಅದರಲ್ಲಿ ದಾಖಲಾಗುತ್ತದೆ. ಪಾಳಿ ಮುಗಿದ ಮೇಲೆ ಬಾಗಿಲ ಬಳಿಯ ಹಲಗೆಯಲ್ಲಿ ಅವರವರ ಮೊಳೆಗೆ ಅದನ್ನು ನೇತುಹಾಕಿ ಹೋಗಬೇಕು. ಅದೇ ಹಲಗೆಯ ಮೂಲೆಯಲ್ಲಿ ಯಾರೂ ಧರಿಸದ ಬಿಲ್ಲೆಯೊಂದು ಹೋಲಿಕೆಗಾಗಿ ಇರುತ್ತದೆ. ಆಗಾಗ ಎಲ್ಲವನ್ನೂ ಒಟ್ಟು ಮಾಡಿ ಓದಿಸುತ್ತಾರೆ.

ಆ ವರ್ಷ ಮಾವನ ಬಿಲ್ಲೆ ಜಾಸ್ತಿ ತೋರಿಸಿತು. ಮುಂದಿನ ಸಲ ಇನ್ನೂ ಜಾಸ್ತಿ. ಸುರಕ್ಷತಾಧಿಕಾರಿ ಅಚ್ಚುಕಟ್ಟಿನ ಯುವಕ, ಅಂಗಿಯ ಮಡಿಕೆ ಕೂಡ ಕದಲುತ್ತಿರಲಿಲ್ಲ. ಅವನು ನೇರ ಯಂತ್ರದ ಬಳಿಗೇ ಬಂದ.

“ನೋಡಿ, ಇನ್ನು ನಿಮ್ಮನ್ನ ಇಲ್ಲಿ ಬಿಡೋಕಾಗಲ್ಲ. ಚೀಲದ ಗೋದಾಮಿಗೆ ಹಾಕ್ತೀವಿ, ಖಾಲಿ ಚೀಲಗಳ ಕಡೆಗೆ. ಸಂಬಳ ಏನೂ ಕಮ್ಮಿ ಆಗಲ್ಲ.”

“ಖಾಲಿ ಚೀಲ ಕಾಯ್ಕೊಂಡು ಕೂರೋಕೆ ನಾನೇನು ಬೆಕ್ಕಾ?”

“ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

“ನನ್ನ ಒಳ್ಳೇದು ಈ ಬೆಲ್ಟ್ ಮೇಲಿದೆ ಸಾರ್. ನಿಮ್ಮ ಬಿಲ್ಲೆಗೆ ಹುಚ್ಚು ಹಿಡಿದಿದ್ರೆ ಅದಕ್ಕೆ ಔಷಧಿ ಮಾಡಿ.”

ತೂಕದ ಮನೆಯವನು ದೂರದಿಂದಲೇ ಕೂಗಿದ: “ಮಾವ, ಕತ್ತಲಲ್ಲಿ ಹೊಳೀತೀಯಂತೆ, ಹೌದಾ?”

“ಹೊಳೀತಿದ್ರೆ ಮನೇಲಿ ದೀಪ ಯಾಕೆ ಹಾಕ್ತಿದ್ದೆ ಅಳಿಯಾ? ಆಚೆ ಸರಿ.”

ನಗುತ್ತ ಹೇಳಿದನಾದರೂ ಅಂದು ಅವನು ತಗಡಿನಿಂದ ಕೈ ತೆಗೆಯಲಿಲ್ಲ, ಊಟಕ್ಕೂ ಹೋಗಲಿಲ್ಲ. ವ್ಯವಸ್ಥಾಪಕರು ವರ್ಗಾವಣೆಗೆ ಸಹಿ ಹಾಕುವ ಮುನ್ನ ಕಾರಣ ಹುಡುಕಿಕೊಡಿ ಎಂದು ನನಗೆ ಹೇಳಿದರು. ವಾರಾಂತ್ಯದೊಳಗೆ ಸಿಗದಿದ್ದರೆ ಮಾವ ಗೋದಾಮಿಗೆ.

ಯಂತ್ರದ ಸುತ್ತ ವಿಕಿರಣ ಅಳೆದೆ, ಎಂದಿನಷ್ಟೇ ಇತ್ತು. ಧೂಳು ನೋಡಿದೆ, ಅವನ ಕೆಲಸದ ಬಟ್ಟೆ ನೋಡಿದೆ. ಅದೇ ಯಂತ್ರವನ್ನು ಅಷ್ಟೇ ಹೊತ್ತು ನಡೆಸುವ ಇನ್ನೊಂದು ಪಾಳಿಯವನ ಬಿಲ್ಲೆ ಸಾಧಾರಣವಾಗಿತ್ತು. ಅಂದ ಮೇಲೆ ದೋಷ ಯಂತ್ರದ್ದಲ್ಲ. ಸಂಜೆ ಪಾಳಿ ಬದಲಾಗುವಾಗ ಬಾಗಿಲ ಬಳಿ ಹೋಗಿ ನಿಂತೆ. ಎಲ್ಲರೂ ಬಿಲ್ಲೆ ಸಿಕ್ಕಿಸಿ ಹೊರಟರು. ಮಾವನ ಮೊಳೆ ಖಾಲಿ ಉಳಿಯಿತು.

ಬೀದಿಯಲ್ಲಿ ಅವನನ್ನು ನಿಲ್ಲಿಸಿದೆ. “ಬಿಲ್ಲೆ ಎಲ್ಲಿ?”

ಅವನು ಅಂಗಿಯ ಜೇಬು ಮುಟ್ಟಿಕೊಂಡ. “ಇಲ್ಲೇ ಇದೆ ಮೇಡಂ. ಮನೆಗೆ ಒಯ್ತೀನಿ.”

“ಯಾವಾಗಿನಿಂದ?”

“ಮೊದಲಿಂದಾನೂ. ಆ ಹಲಗೆ ಪಕ್ಕದಲ್ಲೇ ಅಲ್ವಾ ಲಾರಿ ನಿಲ್ಲೋದು? ಮೊನಜೈಟ್ ಚೀಲ ತುಂಬ್ಕೊಂಡು ಅರ್ಧ ದಿನ ನಿಂತಿರುತ್ತೆ. ಆ ಚೀಲದ್ದೆಲ್ಲ ನನ್ನ ಬಿಲ್ಲೆ ಯಾಕೆ ಕುಡೀಬೇಕು? ಉಳಿದವರಿಗೆ ಬುದ್ಧಿ ಇಲ್ಲ, ಬಿಟ್ಟು ಹೋಗ್ತಾರೆ.”

ಲಾರಿಯ ವಿಕಿರಣ ಹಲಗೆಗೆ ತಾಗಿದರೆ ಮೂಲೆಯ ಹೋಲಿಕೆಯ ಬಿಲ್ಲೆಗೂ ತಾಗುತ್ತದೆ, ಓದುವಾಗ ಅಷ್ಟನ್ನೂ ಕಳೆಯುತ್ತಾರೆ ಎಂದು ವಿವರಿಸಿದೆ. ಅವನು ಸೊಪ್ಪು ಹಾಕಲಿಲ್ಲ. ಆದರೆ ಒಂದು ಪ್ರಶ್ನೆ ಉಳಿಯಿತು. ಮೊದಲಿನಿಂದಲೂ ಮನೆಗೆ ಒಯ್ಯುತ್ತಿದ್ದರೆ ಈಗ ಮಾತ್ರ ಯಾಕೆ ಏರಬೇಕು?

“ಮನೆ ಬದಲಾಯಿಸಿದಿರಾ?”

ಅವನ ಮುಖ ಅರಳಿತು. “ಸ್ವಂತ ಮನೆ ಮೇಡಂ! ಬಾಡಿಗೆ ಕೋಣೆ ಬಿಟ್ಟು ವರ್ಷ ಆಗ್ತಾ ಬಂತು. ಬಂದು ನೋಡಿ. ಅಂಥ ಗೋಡೆ ಈ ಬೀದೀಲಿ ಯಾರಿಗೂ ಇಲ್ಲ.”

ವಿಕಿರಣ ಅಳೆಯುವ ಯಂತ್ರ ನನ್ನ ಚೀಲದಲ್ಲೇ ಇತ್ತು. ಹೋದೆ.

ಎರಡು ಕೋಣೆಯ ಮನೆ. ಮುಂದಿನದರಲ್ಲಿ ಅವನ ಹೆಂಡತಿಯ ಹೊಲಿಗೆ ಅಂಗಡಿ: ಕಿಟಕಿಗೆ ತಾಗಿಸಿದ ಹೊಲಿಗೆ ಯಂತ್ರ, ಹಗ್ಗದ ಮೇಲೆ ತೋಳಿಲ್ಲದ ಶಾಲೆಯ ಅಂಗಿಗಳು, ನೆಲದ ತುಂಬ ದಾರದ ತುಂಡು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಆಕೆ ತಲೆಯಾಡಿಸಿ ನನ್ನನ್ನು ಒಳಗೆ ಕರೆದಳು. ಹಿಂದಿನ ಕೋಣೆಯಲ್ಲಿ ಮಂಚ; ಮಂಚದ ತಲೆಗಡೆಯ ಗೋಡೆಗೆ ಒಂದು ಮೊಳೆ. ಮಾವ ಬಿಲ್ಲೆ ತೆಗೆದು ಅದಕ್ಕೆ ಸಿಕ್ಕಿಸಿ, ಅಂಗೈಯಿಂದ ಗೋಡೆಯನ್ನು ತಟ್ಟಿದ.

“ಕೇಳಿದ್ರಾ ಸದ್ದು? ಕಲ್ಲು! ಮರಳು ನಾನೇ ಆರಿಸಿ ತಂದದ್ದು. ಮೇಲುಗಡೆ ಹೊಳೆ ತಿರುಗುತ್ತಲ್ಲ, ಆ ತಿರುವಿನ ಒಳಮಗ್ಗುಲಿಂದ. ಅಲ್ಲಿ ನೀರು ಸುಸ್ತಾಗುತ್ತೆ, ಭಾರದ್ದು ಕೂರುತ್ತೆ. ಗಾಡಿಯವನು ಬೇರೆ ಕಡೆ ಮರಳು ತರ್ತೀನಿ ಅಂದ. ಆ ಹೊಟ್ಟಿನಂಥ ಮರಳು ಯಾರಿಗೆ ಬೇಕು? ಭಾರದ ಮರಳು, ಗಟ್ಟಿ ಗೋಡೆ. ಗಾರೆಯವನಿಗೆ ಕರಣೆ ಎತ್ತೋಕೆ ಕೈ ಸೋತಿತ್ತು.”

ನಾನು ಅಳೆಯುವ ಯಂತ್ರವನ್ನು ಗೋಡೆಗೆ ಹಿಡಿದೆ. ಅದು ಒಂದೇ ಸಮನೆ ಟಕಟಕ ಎನ್ನತೊಡಗಿತು. ಮುಂದಿನ ಕೋಣೆಗೆ ಒಯ್ದೆ, ತಗ್ಗಿತು. ಆ ಕೋಣೆಯ ಗಾರೆ ಬೇರೆ, ತಿರುವಿನ ಮರಳು ಸಾಲದೆ ಗಾಡಿಯವನ ಹೊಟ್ಟಿನಂಥ ಮರಳನ್ನೇ ಹಾಕಿಸಬೇಕಾಯಿತು ಎಂದ ಮಾವ. ಮತ್ತೆ ಹಿಂದಿನ ಕೋಣೆಗೆ ಬಂದೆ, ಟಕಟಕ.

ಭಾರಕ್ಕೂ ಗಟ್ಟಿತನಕ್ಕೂ ಸಂಬಂಧವಿಲ್ಲ. ಗಾರೆಯನ್ನು ಹಿಡಿದಿಡುವುದು ಸುಣ್ಣ, ಮರಳಿನ ತೂಕವಲ್ಲ. ದಿನವಿಡೀ ಭಾರದ ಕಾಳನ್ನೇ ಒಳ್ಳೆಯದೆಂದು ಆರಿಸುವವನಿಗೆ ಮಾತ್ರ ಇಂಥ ಯೋಚನೆ ಬರಲು ಸಾಧ್ಯ. ತಾನು ಕಾರ್ಖಾನೆಯಲ್ಲಿ ಬೇರ್ಪಡಿಸುವ ವಸ್ತುವನ್ನೇ ಅವನು ಹೊಳೆಯ ತಿರುವಿನಿಂದ ಗಾಡಿಗಟ್ಟಲೆ ತಂದು ಮಲಗುವ ಕೋಣೆಗೆ ಬಳಿದಿದ್ದ. ಬಿಲ್ಲೆ ಎದೆಯ ಮೇಲೆ ಇದ್ದುದಕ್ಕಿಂತ ಗೋಡೆಯ ಮೇಲೆ ಇದ್ದದ್ದೇ ಹೆಚ್ಚು. ಅದು ಗೋಡೆಯ ಲೆಕ್ಕ ಬರೆದುಕೊಂಡಿತ್ತು, ಕಾರ್ಖಾನೆಯದ್ದಲ್ಲ.

ಹೇಳಿದೆ. ಅವನು ಮೊಳೆಯಿಂದ ಬಿಲ್ಲೆ ತೆಗೆದು ಮತ್ತೆ ಜೇಬಿಗೆ ಹಾಕಿಕೊಂಡ.

“ಗೋದಾಮಿಗೇ ಹೋಗ್ತೀನಿ ಮೇಡಂ,” ಎಂದ. “ಗೋಡೆ ವಿಷಯ ಎತ್ತಬೇಡಿ.”

“ಯಾಕೆ?”

“ಮರಳಿನವನೇ ಮರಳಲ್ಲಿ ಮೋಸ ಹೋದ ಅಂತಾರೆ. ಆ ತೂಕದವನು ಸಾಯೋ ತನಕ ಬಿಡಲ್ಲ.”

ಹೆಂಡತಿ ಬಾಯಿಂದ ಸೂಜಿಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡಳು.

“ರೀ, ಮಿಷನ್ನಿಲ್ಲದೆ ನೀವು ಮನೇಲಿ ಹೇಗಿರ್ತೀರ ಅಂತ ರಜಾ ದಿನ ನೋಡಿದೀನಿ. ನನ್ನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಬಿಟ್ಟು ಗಿರಾಕಿ ಬಟ್ಟೆಗೆಲ್ಲ ಕಲೆ. ಗೋಡೆ ಬೇಕಾ, ನಿಮ್ಮ ಬೆಲ್ಟು ಬೇಕಾ, ಈಗಲೇ ಹೇಳಿ.”

“ಗೋಡೆ ಚೆನ್ನಾಗಿದೆ ಕಣೇ…”

“ಚೆನ್ನಾಗಿರೋದು ತಲೆ ಹತ್ತಿರ ಟಕಟಕ ಅನ್ನುತ್ತಾ? ನಾನು ಮಲಗೋದೂ ಅಲ್ಲೇ ಮ್ಯಾಗ್ನೆಟ್ ಮಾವ!”

ಅವನು ತಾನೇ ಉಳಿ ತಂದು, ಮೊಳೆಯ ಪಕ್ಕದಲ್ಲಿ ಅಂಗೈಯಗಲ ಗಾರೆ ಕೆತ್ತಿ ನನ್ನ ಕೈಗಿತ್ತ. ಕೆತ್ತುವಾಗಲೂ, “ನೋಡಿ, ಎಷ್ಟು ಗಟ್ಟಿ,” ಎನ್ನುವುದನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಪ್ರಯೋಗಾಲಯದಲ್ಲಿ ವ್ಯವಸ್ಥಾಪಕರು ಮತ್ತು ಸುರಕ್ಷತಾಧಿಕಾರಿಯ ಎದುರಿಗೆ ಆ ತುಂಡನ್ನು ದುರ್ಬಲ ಆಮ್ಲದಲ್ಲಿ ಹಾಕಿದೆ. ಸುಣ್ಣ ನೊರೆಗಟ್ಟಿ ಕರಗಿ ತಳದಲ್ಲಿ ಮರಳು ಉಳಿಯಿತು. ಮೊನಜೈಟಿಗೆ ಅಷ್ಟು ಆಮ್ಲ ಲೆಕ್ಕಕ್ಕಿಲ್ಲ; ಅದನ್ನು ಒಡೆಯಲು ಕಾದ ಗಟ್ಟಿ ಗಂಧಕಾಮ್ಲ ಬೇಕು. ತೊಳೆದು ಒಣಗಿಸಿದ ಮರಳನ್ನು ಪುಟ್ಟ ಅಯಸ್ಕಾಂತ ಯಂತ್ರಕ್ಕೆ ಹಾಕಲು ಮಾವನಿಗೇ ಹೇಳಿದೆ. ಅವನು ತೋಳು ಮೇಲೇರಿಸಿ ಗುಂಡಿ ತಿರುಗಿಸಿದ. ಮೊದಲು ಕಪ್ಪೂ ಕೆಂಪೂ ಹೋದವು. ಎಳೆತ ಹೆಚ್ಚಿಸಿದ. ಕಾಗದದ ಮೇಲೆ ಜೇನುಬಣ್ಣದ ಗೆರೆ ಬಿತ್ತು, ತೆಳುವಾದರೂ ಯಾರೂ ಅಲ್ಲಗಳೆಯಲಾಗದ ಗೆರೆ.

ಸುರಕ್ಷತಾಧಿಕಾರಿ ಬಗ್ಗಿ ನೋಡಿದ. ಅವನ ಮುಖ ಬಿಗಿಯಾಯಿತು.

“ಇದು ನಮ್ಮ ಕಾರ್ಖಾನೆ ಮಾಲೇ ಅಲ್ಲ ಅನ್ನೋಕೆ ಏನು ಆಧಾರ?”

ಮಾವನ ಕತ್ತಿನ ನರ ಉಬ್ಬಿತು. “ಏನಂದ್ರಿ? ಕದ್ದೆ ಅಂತೀರಾ?”

“ಕೇಳೋದು ನನ್ನ ಕೆಲಸ.”

“ಕೇಳೋದು ಅವರ ಕೆಲಸವೇ,” ಎಂದೆ ಮಾವನಿಗೆ. “ನೀವು ಸುಮ್ಮನಿರಿ.” ಪ್ರಶ್ನೆ ಸರಿಯಾಗಿತ್ತು, ಅವನ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ಕಳವು ಎಂದಾದರೆ ಗೋದಾಮೂ ಇಲ್ಲ, ನೇರ ಮನೆಗೆ.

ಸೂಕ್ಷ್ಮದರ್ಶಕದಡಿ ಎರಡು ಗಾಜಿನ ಪಟ್ಟಿ ಇಟ್ಟೆ, ಒಂದರಲ್ಲಿ ಕಾರ್ಖಾನೆಯ ಕಾಳು, ಇನ್ನೊಂದರಲ್ಲಿ ಗೋಡೆಯದು. ಕಡಲ ಅಲೆಗಳಲ್ಲಿ ಹೊರಳಿದ ಕಾಳು ಗುಂಡಗೆ, ಮೈ ಉಜ್ಜಿದ ಹಾಗೆ. ಗೋಡೆಯ ಕಾಳಿನ ಅಂಚುಗಳು ಇನ್ನೂ ಚೂಪು. ಬೆಟ್ಟದಿಂದ ಇಳಿದು ಅದು ಹೆಚ್ಚು ದೂರ ಬಂದಿಲ್ಲ. ಜೊತೆಗೆ ಅಭ್ರಕದ ಹಾಳೆಗಳು ಹೇರಳ. ಕಡಲ ದಂಡೆಯಲ್ಲಿ ಅಭ್ರಕ ನಿಲ್ಲುವುದಿಲ್ಲ, ಅಲೆ ಎಳೆದೊಯ್ಯುತ್ತದೆ. ನಮ್ಮ ಮಾಲಿನಲ್ಲಿ ಅದು ಇರುವುದೇ ಇಲ್ಲ. ಇದು ಹೊಳೆಯ ಮರಳು.

ಸುರಕ್ಷತಾಧಿಕಾರಿ ಎರಡನ್ನೂ ಸಾವಕಾಶವಾಗಿ ನೋಡಿದ. ನಂತರ ಮಾವನ ಕಡೆ ತಿರುಗಿ, “ತಪ್ಪು ತಿಳ್ಕೊಂಡೆ. ಕ್ಷಮಿಸಿ,” ಎಂದ. “ಆದ್ರೆ ಬಿಲ್ಲೆ ಮನೆಗೆ ಒಯ್ದದ್ದು ನಿಯಮ ಮುರಿದ ಹಾಗೇ. ಮುಂದಿನ ಓದು ಬರೋವರೆಗೆ ಯಂತ್ರ ನಿಮ್ಮದೇ. ಆಗಲೂ ಜಾಸ್ತಿ ಬಂದ್ರೆ ಮಾತಿಲ್ಲ.”

“ಬರಲ್ಲ,” ಎಂದ ಮಾವ. “ಗೋಡೆ ಇವತ್ತೇ ಕೆತ್ತುತ್ತೀನಿ.”

ಕೆತ್ತಲು ತೂಕದವನೇ ಬಂದ. ಅವನ ಬಾಯಿಗೆ ಬೀಗ ಹಾಕುವವರಿರಲಿಲ್ಲ. “ಮಾವ, ನಿನ್ನ ಮನೇನೇ ಕಾರ್ಖಾನೆ, ನಮಗೆಲ್ಲ ಅಲ್ಲೇ ಪಾಳಿ ಹಾಕಿಸು.” ಮಾವ ಸಿಟ್ಟಾಗಲಿಲ್ಲ, ಬೀಳುತ್ತಿದ್ದ ಚಕ್ಕೆಗಳನ್ನು ತೋರಿಸಿ, “ಉಳಿ ಮೊಂಡಾಯ್ತಲ್ಲ ಅಳಿಯಾ, ಅದಕ್ಕೇನಂತೀಯ?” ಎಂದನಂತೆ. ಕೆತ್ತಿದ ಗಾರೆಯನ್ನೆಲ್ಲ ಕಾರ್ಖಾನೆಯವರೇ ಒಯ್ದು, ನಿಯಮದ ಪ್ರಕಾರ ಹೂಳುವ ಜಾಗದಲ್ಲಿ ಹೂಳಿದರು. ಗಾಡಿಯವನ ಮರಳಿನಿಂದ ಹೊಸ ಗಾರೆ ಬಂತು. ಹೆಂಡತಿ ಅದಕ್ಕೆ ತಿಳಿಹಸಿರು ಬಣ್ಣ ಹಚ್ಚಿಸಿದಳು. ಅಳತೆ ಮಾಡಿ ನೋಡಿದೆ. ಮುಂದಿನ ಕೋಣೆಯಷ್ಟೇ ಇತ್ತು.

ಅಲ್ಲಿಂದ ಮಾವ ಪ್ರತಿ ಸಂಜೆ ಬಿಲ್ಲೆಯನ್ನು ಹಲಗೆಯಲ್ಲಿ ಬಿಟ್ಟು ಹೋಗತೊಡಗಿದ. ಮನಸ್ಸಿಲ್ಲದೆ, ಲಾರಿಯನ್ನು ದುರುಗುಟ್ಟಿ ನೋಡುತ್ತ, ಆದರೂ ಬಿಟ್ಟು ಹೋಗುತ್ತಿದ್ದ. ಓದು ಬರುವ ದಿನ ಹತ್ತಿರವಾದಂತೆ ಯಂತ್ರದ ಮನೆಯಲ್ಲಿ ಮಾತು ಕಡಿಮೆಯಾಯಿತು. ತೂಕದವನು ತಮಾಷೆ ಬಿಟ್ಟು, ಹಾಳೆ ಬಂತಾ ಎಂದು ದಿನಾ ನನ್ನನ್ನು ಕೇಳತೊಡಗಿದ.

ಓದಿನ ಹಾಳೆ ಮೊದಲು ನನ್ನ ಮೇಜಿಗೆ ಬಂತು. ಮಾವನ ಅಂಕಿ ಇನ್ನೊಂದು ಪಾಳಿಯವನದಕ್ಕಿಂತ ತುಸು ಕಡಿಮೆಯೇ ಇತ್ತು. ಸುರಕ್ಷತಾಧಿಕಾರಿ ಅದನ್ನು ಹಿಡಿದು ಬೇಗಬೇಗ ನಡೆದ. ನಾನೂ ಹಿಂದೆ ಹೋದೆ. ಯಂತ್ರದ ಗದ್ದಲದಲ್ಲಿ ಅವನು ಮಾವನ ಕಿವಿಯ ಹತ್ತಿರ ಬಗ್ಗಿ ಕೂಗಿ ಹೇಳಬೇಕಾಯಿತು.

“ಸರಿ ಬಂದಿದೆ! ನೀವು ಇಲ್ಲೇ ಇರ್ತೀರಿ!”

ಮಾವ ಧಾರೆಯಿಂದ ಕಣ್ಣು ಕೀಳಲಿಲ್ಲ. ಎರಡು ಬೆರಳಿನಿಂದ ತಗಡನ್ನು ಒಂದಿಷ್ಟು ಎಡಕ್ಕೆ ಸರಿಸಿದ.

“ಇಲ್ಲದೆ ಇನ್ನೆಲ್ಲಿಗೆ ಹೋಗ್ತೀನಿ ಸಾರ್? ಸ್ವಲ್ಪ ಆಚೆ ಸರೀರಿ, ಬೆಳಕಿಗೆ ಅಡ್ಡ ನಿಂತಿದೀರಿ.”