ಮಲಗಿಯೇ ಹೋಗಬೇಕಾದ ರೋಗಿ

ಅರವತ್ತರ ದಶಕದ ಮೊದಲಲ್ಲಿ ನಾನು ಅರಕಲಗೂಡು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಪ್ರಾಣಾಪಾಯವಿಲ್ಲದ ರೋಗಿಗಳನ್ನು ಹಾಸನಕ್ಕೆ ಕಳಿಸಲು ನಮ್ಮಲ್ಲೊಂದು ನಿಯಮವಿತ್ತು: ಕೂರಬಲ್ಲವರು ಬಸ್ಸಿಗೆ, ಮಲಗಿಯೇ ಇರಬೇಕಾದವರು ವ್ಯಾನಿಗೆ. ವ್ಯಾನಾದರೆ ಸ್ಟ್ರೆಚರ್ ಪಕ್ಕದಲ್ಲಿ ನಮ್ಮವರೊಬ್ಬರು ಕೂತು ಹೋಗಬೇಕು.

ಅರವತ್ತು ದಾಟಿದ ಒಬ್ಬಾಕೆ ಹುಣಸೆಹಣ್ಣು ಉದುರಿಸಲು ತಾನೇ ಮರ ಹತ್ತಿ, ಬಿದ್ದು ಕಾಲು ಮುರಿದುಕೊಂಡಿದ್ದಳು. ಡಾಕ್ಟರು ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್ ಹಾಕಿದ್ದರು. ಒಂದೂವರೆ ತಿಂಗಳ ಮೇಲೆ, ಮೂಳೆ ಕೂಡಿದೆಯೋ ಇಲ್ಲವೋ ಎಂದು ಎಕ್ಸ್‌ರೇ ತೆಗೆಸಲು ಹಾಸನಕ್ಕೆ ಕಳಿಸಬೇಕಾಯಿತು. ಬಸ್ಸಿನ ಕಂಡಕ್ಟರ್, ಈ ಕಾಲು ಬಾಗಿಲಿಗೆ ಅಡ್ಡವಾಗುತ್ತೆ, ಬೇಡ ಎಂದ. ವ್ಯಾನಿನ ಡ್ರೈವರ್, ಈಯಮ್ಮ ಚೆನ್ನಾಗಿ ಕೂತಿದ್ದಾಳಲ್ಲ, ನಿಯಮ ಒಪ್ಪಲ್ಲ ಎಂದ. ಅರ್ಧ ಗಂಟೆ ವಾದವಾಯಿತು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ಜಗಲಿಯ ಮೇಲೆ ನಿಧಾನವಾಗಿ ಅಂಗಾತ ಮಲಗಿದಳು.

"ಈಗ ಮನೀಕಂಡಿವ್ನಿ ಕಣಪ್ಪ. ಬರ್ಕೋ."

ಡಾಕ್ಟರು ನಗು ತಡೆದುಕೊಂಡು, 'ಮಲಗಿಸಿ ಕರೆದೊಯ್ಯತಕ್ಕದ್ದು' ಎಂದು ಚೀಟಿ ಬರೆದರು.

ಸ್ಟ್ರೆಚರ್ ಪಕ್ಕದಲ್ಲಿ ಕೂತು ಹೋಗುವ ಸರದಿ ನನ್ನದಾಯಿತು. ಊರು ದಾಟಿ ಒಂದು ಮೈಲಿ ಹೋಗುವುದರೊಳಗೆ, ಹಿಂದೆ ಉಸಿರು ಕಟ್ಟುತ್ತೆ, ದಾರಿಯೂ ಕಾಣಲ್ಲ ಎಂದು ಆಕೆ ವ್ಯಾನು ನಿಲ್ಲಿಸಿದಳು. ನಾನೂ ಡ್ರೈವರನೂ ಸೇರಿ ಅವಳನ್ನು ಮುಂದಿನ ಸೀಟಿಗೆ ಸಾಗಿಸಿ, ಕಾಲು ಚಾಚಿ ಕೂರಿಸಿದೆವು. ಹಿಂದೆ ನಾನೊಬ್ಬನೇ ಉಳಿದೆ. ನನಗೆ ಮೋಟಾರು ಒಗ್ಗದು. ಪೆಟ್ರೋಲ್ ವಾಸನೆ, ಫಿನಾಯಿಲ್ ವಾಸನೆ, ಮೇಲೆ ತಿರುವುಗಳು. ದಾರಿಯಲ್ಲಿ ಕಟ್ಟಾಯ ಎಂಬ ಊರು ಬರುವಷ್ಟರಲ್ಲಿ ಎರಡು ಸಲ ವಾಂತಿಯಾಗಿತ್ತು. ಕೂರಲಾಗದೆ ಖಾಲಿ ಸ್ಟ್ರೆಚರ್ ಮೇಲೆ ಒರಗಿದವನು ಕಂಬಳಿ ಎಳೆದುಕೊಂಡು ಕಣ್ಣು ಮುಚ್ಚಿದೆ.

ಹಾಸನದಲ್ಲಿ ಬಾಗಿಲು ತೆರೆದ ಇಬ್ಬರು ಆಳುಗಳು ಸ್ಟ್ರೆಚರ್ ಸಮೇತ ನನ್ನನ್ನು ಎತ್ತಿಕೊಂಡು ಹೊರಟರು. ನಾನು ರೋಗಿಯಲ್ಲ ಎಂದೆ. ಎಲ್ಲರೂ ಹಾಗೇ ಅಂತಾರೆ ಸಾ ಎಂದು ಸಮಾಧಾನ ಹೇಳಿದರು. ಒಳಗೆ ಸಿಸ್ಟರ್ ಚೀಟಿ ಓದಿ, ಕಂಬಳಿ ಸರಿಸಿ, ನನ್ನ ಎರಡೂ ಕಾಲು ಮುಟ್ಟಿ ನೋಡಿದರು. ಮತ್ತೆ ಚೀಟಿ ಓದಿದರು. ಆಮೇಲೆ ನನ್ನ ಮೀಸೆ ನೋಡಿದರು.

"ಇದರಲ್ಲಿ ಹೆಂಗಸು ಅಂತ ಬರೆದಿದೆಯಲ್ಲ?"

ಅಷ್ಟರಲ್ಲಿ ಆಕೆ ಡ್ರೈವರನ ಹೆಗಲು ಹಿಡಿದು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಬಂದಳು.

"ಕಾಲು ಮುರ್ದಿರೋದು ನಂದು ಕಣವ್ವ. ಪಾಪ, ಅವ್ನ್ಗೆ ವಸಿ ನೀರು ಕೊಡು ಮೊದ್ಲು."

ನಾಚಿಕೆಯಿಂದ ಎದ್ದು ಕೂತೆ, ತಲೆ ಸುತ್ತಿ ಮತ್ತೆ ಮಲಗಿದೆ. ಚೀಟಿಯಲ್ಲಿ ಮಲಗಿಸಿ ಎಂದಿರುವುದರಿಂದ ಆಕೆ ಸ್ಟ್ರೆಚರ್ ಮೇಲೇ ಎಕ್ಸ್‌ರೇ ಕೋಣೆಗೆ ಹೋಗಬೇಕೆಂದು ಸಿಸ್ಟರ್ ಹಟ ಹಿಡಿದರು. ಆದರೆ ಅದರ ಮೇಲಿದ್ದ ನನ್ನನ್ನು ಎಬ್ಬಿಸಲು ಆ ಮುದುಕಿ ಬಿಡಲಿಲ್ಲ. ಪಕ್ಕದ ಬೆಂಚಿನ ಮೇಲೆ ಕೂತು, ಸೆರಗಿನಿಂದ ಗಾಳಿ ಬೀಸುತ್ತಾ ಅರ್ಧ ಗಂಟೆ ನನ್ನನ್ನು ಕಾದಳು. ಮೂಳೆ ಚೆನ್ನಾಗಿ ಕೂಡಿತ್ತು. ವಾಪಸು ಹೊರಟಾಗ ಮುಂದಿನ ಸೀಟನ್ನು ನನಗೇ ಬಿಟ್ಟುಕೊಟ್ಟಳು.